ಆರು ಖಳರ ಸಿನಿಮಾದ ಒಪ್ಪು ತಪ್ಪು

ನಮ್ಮ ಮಾವನವರಿಗೆ ಸಿನಿಮಾ ನೋಡುವುದಕ್ಕಿಂತ, ನೋಡಿ ಬಂದ ಮೇಲೆ ಅದರ ಚರ್ಮ ಸುಲಿಯುವುದೇ ಇಷ್ಟ. ಜೀವಮಾನವೆಲ್ಲ ಚಿತ್ರಮಂದಿರದ ಪ್ರೊಜೆಕ್ಟರ್ ಕೋಣೆಯಲ್ಲಿ ಕಳೆದವರು. ಒಂದೇ ಸಿನಿಮಾವನ್ನು ವಾಕರಿಕೆ ಬರುವಷ್ಟು ಸಲ ನೋಡಿ, ಅದರ ಬಗ್ಗೆ ಮಾತಾಡಲು ಜನ ಸಿಗದೆ ಒಳಗೇ ಕುದಿದವರು. ನಿವೃತ್ತರಾದ ಮೇಲೆ ಆ ಕುದಿತವನ್ನೆಲ್ಲ ಮನೆಯವರ ಮೇಲೆ ತೀರಿಸಿಕೊಳ್ಳಲು ಒಂದು ಪದ್ಧತಿ ಮಾಡಿದರು. ಅದಕ್ಕೆ ಈ ಮನೆಯಲ್ಲಿ ‘ಒಪ್ಪು ತಪ್ಪು’ ಎಂದು ಹೆಸರು.

ಸಿನಿಮಾ ನೋಡಿ ಬಂದವರೆಲ್ಲ ಊಟದ ಮೇಜಿನ ಸುತ್ತ ಕೂರಬೇಕು. ಚಿಕ್ಕವರಿಂದ ಶುರುವಾಗಿ ದೊಡ್ಡವರವರೆಗೆ ಸರದಿ. ಒಬ್ಬೊಬ್ಬರೂ ಒಂದು ಒಪ್ಪು, ಒಂದು ತಪ್ಪು ಹೇಳಬೇಕು. ‘ಚೆನ್ನಾಗಿತ್ತು’ ಅಂದುಬಿಟ್ಟರೆ ನಡೆಯದು, ಯಾಕೆ ಎಂದು ಹೇಳಬೇಕು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ಹಾಕಿದರೆ ವಾರವಿಡೀ ಎಲ್ಲರ ತಟ್ಟೆ ತೊಳೆಯುವ ಶಿಕ್ಷೆ. ಒಮ್ಮೆ ಮಾವನವರೇ ತಡೆಯಲಾರದೆ ಬಾಯಿ ಹಾಕಿ, ವಾರವೆಲ್ಲ ಗೊಣಗುತ್ತ ತಟ್ಟೆ ಉಜ್ಜಿದ್ದರು.

ಮದುವೆಯಾಗಿ ಬಂದ ಹೊಸತರಲ್ಲಿ, ಇದೆಂಥ ಹುಚ್ಚರ ಸಹವಾಸ ಅಂದುಕೊಂಡಿದ್ದೆ. ಆದರೆ ಈಗ ಹೇಳಹೊರಟಿರುವ ದಿನ ನನಗಿದ್ದ ಒಂದೇ ಒಂದು ಭರವಸೆ ಆ ಮೇಜು. ಯಾಕೆಂದರೆ ಈ ಮನೆಯಲ್ಲಿ ನನ್ನ ಗಂಡ ನನ್ನ ಮಾತಿಗೆ ಅಡ್ಡ ಬರಲಾಗದ ಜಾಗ ಅದೊಂದೇ ಆಗಿತ್ತು.

ನನ್ನ ಗಂಡನಿಗೆ ಬೀಗದ ಅಂಗಡಿ. ಬೀದಿಯ ಜನಕ್ಕೆಲ್ಲ ಅವನೆಂದರೆ ಪ್ರಾಣ. ಯಾರದೋ ಕೀಲಿ ಕಳೆದರೆ ಊಟ ಬಿಟ್ಟು ಓಡುತ್ತಾನೆ, ಮುದುಕಿಯರಿಂದ ದುಡ್ಡು ಮುಟ್ಟುವುದಿಲ್ಲ. ಅವನು ಕಿರುಚಿದ್ದನ್ನು ಯಾರೂ ಕೇಳಿಲ್ಲ, ನಾನೂ ಕೇಳಿಲ್ಲ. ಕೋಪ ಬಂದಷ್ಟೂ ಅವನ ದನಿ ಇಳಿಯುತ್ತದೆ. ಅದು ಪೂರ್ತಿ ಇಳಿದಾಗ ನನ್ನನ್ನು ಮಹಡಿಯ ಕೋಣೆಗೆ ಕಳಿಸಿ ಬಾಗಿಲು ಹಾಕುತ್ತಿದ್ದ. ಆ ಬಾಗಿಲಿಗೆ ಹೊರಗಡೆಯಿಂದಲೂ ಒಂದು ಬೀಗ ಕೂರಿಸಿದ್ದ. ಅಂಗಡಿಗೆ ಬಂದವರಿಗೆ ತೋರಿಸುವಷ್ಟು ಅಚ್ಚುಕಟ್ಟಾದ ಕೆಲಸ, ಒಂದು ಗೀರೂ ಇಲ್ಲ. ಮೊದಲ ಸಲ ಬಾಗಿಲು ಹಾಕಿದ ದಿನ ನಾನು ಕೆಲಸಕ್ಕೆ ಹೋಗಲಾಗಲಿಲ್ಲ. ನಾನು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ರಕ್ತ ತೆಗೆಯುತ್ತಿದ್ದವಳು. ‘ಅವಳಿಗೆ ತಲೆ ಸರಿ ಇಲ್ಲ, ಸ್ವಲ್ಪ ದಿನ ಬಿಟ್ಟುಬಿಡಿ’ ಎಂದು ಅವನೇ ಫೋನು ಮಾಡಿ ಹೇಳಿದ. ಮತ್ತೆ ಮತ್ತೆ ಹೇಳಿದ. ಕೊನೆಗೆ ಅವರು ನನ್ನನ್ನು ಬಿಟ್ಟೇಬಿಟ್ಟರು.

ಹೇಳಲಿಲ್ಲವೇ ಯಾರಿಗೂ, ಎಂದು ಕೇಳುವವರ ಮೇಲೆ ಈಗಲೂ ನನಗೆ ರೇಗುತ್ತದೆ. ಹೇಳಲು ಹೋಗಿದ್ದೆ. ಒಂದು ಸಂಜೆ ಅಡುಗೆಮನೆಯಲ್ಲಿ ಅತ್ತೆಯ ಮುಂದೆ ‘ಅತ್ತೆ, ಬಾಗಿಲು...’ ಅನ್ನುವಷ್ಟರಲ್ಲಿ ಅವನು ಬಂದು ನಿಂತ. ‘ಅಮ್ಮಾ, ನಿನ್ನ ಸೊಸೆ ತಾನೇ ಬಾಗಿಲು ಹಾಕ್ಕೊಂಡು ಕೀಲಿ ಎಲ್ಲೋ ಇಟ್ಟು ಮರೀತಾಳೆ. ಬೀಗದವನ ಹೆಂಡ್ತಿ ಕಥೆ ನೋಡು!’ ಎಂದು ನಕ್ಕ. ಅತ್ತೆಯೂ ನಕ್ಕರು. ಆ ರಾತ್ರಿ ಅವನ ದನಿ ಎಷ್ಟು ಇಳಿದಿತ್ತೆಂದರೆ ತುಟಿ ನೋಡಿಯೇ ಮಾತು ತಿಳಿಯಬೇಕಾಯಿತು. ಪಕ್ಕದ ಊರಿನ ಅಕ್ಕನಿಗೆ ಫೋನು ಮಾಡಿದರೆ ಪಕ್ಕದಲ್ಲೇ ಕೂತು ಸ್ಪೀಕರ್ ಹಾಕಿಸುತ್ತಿದ್ದ.

ಇಷ್ಟಿದ್ದರೂ ಈ ಮನೆಯಲ್ಲಿ ಕೆಳಗೆ ಜನರಿದ್ದರು. ಊಟದ ಹೊತ್ತಿಗಾದರೂ ‘ಎಲ್ಲಿ ಅವಳು?’ ಎಂದು ಯಾರಾದರೂ ಕೇಳುತ್ತಿದ್ದರು, ಬಾಗಿಲು ತೆರೆಯುತ್ತಿತ್ತು. ಈಗ ನಾವಿಬ್ಬರೇ ಬೇರೆ ಮನೆಗೆ ಹೋಗುವುದೆಂದು ನಿಶ್ಚಯವಾಗಿತ್ತು. ಊರಿನ ಆ ತುದಿ, ಗೋದಾಮುಗಳ ಹಿಂದಿನ ಮನೆ. ಅಕ್ಕಪಕ್ಕ ಯಾರೂ ಇಲ್ಲ. ಅವನು ಹೋಗಿ ಅಲ್ಲಿನ ಬಾಗಿಲುಗಳಿಗೆಲ್ಲ ಬೀಗ ಕೂರಿಸಿ ಬಂದಿದ್ದ. ಸಾಮಾನು ಕಟ್ಟಿಯಾಗಿತ್ತು. ಮರುದಿನ ಬೆಳಗ್ಗೆ ಲಾರಿ ಬರುವುದಿತ್ತು. ಆ ಮನೆಗೆ ಹೋದರೆ ನಾನು ಹೊರಗೆ ಬರುವುದಿಲ್ಲ ಎಂಬುದು ನನಗೆ ಹಸಿವೆ ನೀರಡಿಕೆಯಷ್ಟೇ ಸ್ಪಷ್ಟವಾಗಿ ಗೊತ್ತಿತ್ತು.

‘ಹೋಗೋ ಮುಂಚೆ ಎಲ್ಲರೂ ಒಟ್ಟಿಗೆ ಒಂದು ಸಿನಿಮಾ ನೋಡೋಣ’ ಎಂದರು ಮಾವ. ಹಾಗೆ ಮಧ್ಯಾಹ್ನದ ಆಟಕ್ಕೆ ಹೋದೆವು.

ಕಾಮಿಕ್ಸ್ ಪುಸ್ತಕದಿಂದ ತೆಗೆದ ಸಿನಿಮಾ ಅದು. ಅದರಲ್ಲಿ ನಾಯಕನೇ ಇಲ್ಲ. ಮೊದಲ ದೃಶ್ಯದಲ್ಲೇ ಅವನ ಹೆಣ ಮಣ್ಣಾಗುತ್ತದೆ. ಹೇಗೆ ಸತ್ತ ಎಂದು ಯಾರೋ ಒಂದು ಸಾಲಿನಲ್ಲಿ ಗೊಣಗಿ ಮುಗಿಸುತ್ತಾರೆ. ಆಮೇಲೆ ಊರಿನಲ್ಲಿ ಉಳಿಯುವವರು ಆರು ಮಂದಿ ಖಳರು. ಹೊಡೆದಾಡಲು ಯಾರೂ ಇಲ್ಲದೆ ಬೇಸತ್ತು, ಊರು ಯಾರದು ಎಂದು ತಮ್ಮತಮ್ಮಲ್ಲೇ ಕಿತ್ತಾಡುತ್ತಾರೆ. ಅದರಲ್ಲಿ ತುಕ್ಕಣ್ಣ ಎಂಬವನು ಮುಟ್ಟಿದ ಕಬ್ಬಿಣವೆಲ್ಲ ತುಕ್ಕಾಗಿ ಉದುರುತ್ತದೆ. ಒಬ್ಬ ಮುದುಕಿ ಉಣ್ಣೆಯ ದಾರದಿಂದ ಸೇತುವೆಯನ್ನೇ ಕಟ್ಟಿ ಎಳೆಯುತ್ತಾಳೆ. ಎಲ್ಲರಿಗೂ ಯಜಮಾನ ಪಿಸುದನಿ ಎಂಬವನು. ಅವನು ಪಿಸುಗುಟ್ಟಿದರೆ ಸುತ್ತಲಿನವರ ಬಾಯಿ ಕಟ್ಟಿಹೋಗುತ್ತದೆ.

ಪಿಸುದನಿ ಪರದೆಗೆ ಬಂದ ಕೂಡಲೇ ನಾನು ಅವನ ಗುರುತು ಹಿಡಿದೆ. ಅವನು ನೋಡಲು ಒಳ್ಳೆಯವನು. ಬೇಕರಿಯವನು ಅವನಿಗೆ ಬ್ರೆಡ್ಡು ಪುಕ್ಕಟೆ ಕೊಡುತ್ತಾನೆ. ಮನೆಯಲ್ಲಿ ಬಿಳಿ ಗೌನಿನ ಒಬ್ಬಳನ್ನು ಗೋಪುರದ ಕೋಣೆಯಲ್ಲಿ ಇಟ್ಟಿದ್ದಾನೆ. ಅವಳು ಕಿಟಕಿಯ ಪಕ್ಕ ಚಂದವಾಗಿ ಕೂತಿರುತ್ತಾಳೆ, ಅಷ್ಟೇ. ‘ಖಳ ಅಂದ್ರೆ ಹೀಗಿರ್ಬೇಕು’ ಎಂದು ನನ್ನ ಗಂಡ ಕಿವಿಯಲ್ಲಿ ಹೇಳಿ ನನ್ನ ಮಣಿಕಟ್ಟು ಹಿಡಿದುಕೊಂಡ. ಬಿಳಿ ಗೌನಿನವಳು ಪರದೆಗೆ ಬಂದಾಗಲೆಲ್ಲ ಹಿಡಿತ ಬಿಗಿಯಾಗುತ್ತಿತ್ತು. ನಾನು ಎಳೆದುಕೊಳ್ಳಲಿಲ್ಲ. ಎಳೆದುಕೊಂಡರೆ ಏನಾಗುತ್ತದೆಂದು ಗೊತ್ತಿತ್ತು. ನನ್ನ ಇನ್ನೊಂದು ಪಕ್ಕದಲ್ಲಿ ಅತ್ತೆ ಕಡಲೆಬೀಜದ ಪೊಟ್ಟಣ ಹಿಡಿದು ಕೂತಿದ್ದರು.

ಆ ಕತ್ತಲಲ್ಲೇ ನಾನು ಮನಸ್ಸು ಗಟ್ಟಿ ಮಾಡಿದೆ. ಇವತ್ತು ಮೇಜಿನ ಮುಂದೆ ಹೇಳದಿದ್ದರೆ ನಾಳೆ ಕೇಳಲು ಕಿವಿಗಳೇ ಇರುವುದಿಲ್ಲ.

ಮನೆಗೆ ಬಂದೆವು. ಚಹಾ ಬಂತು. ಕಟ್ಟಿಟ್ಟ ಪೆಟ್ಟಿಗೆಗಳ ನಡುವೆ ಮೇಜಿನ ಸುತ್ತ ಐವರೂ ಕೂತೆವು. ಮಾವ ಕನ್ನಡಕ ಒರೆಸಿಕೊಂಡು, ಕೋರ್ಟು ಶುರುಮಾಡುವವರಂತೆ ಗಂಟಲು ಸರಿಮಾಡಿಕೊಂಡರು. ಮೊದಲ ಸರದಿ ನಾದಿನಿಯದು. ಔಷಧಿ ಅಂಗಡಿಯಲ್ಲಿ ದಿನವಿಡೀ ಗಂಭೀರವಾಗಿ ನಿಲ್ಲುವುದರಿಂದಲೋ ಏನೋ, ಮನೆಯಲ್ಲಿ ಅವಳ ಬಾಯಿಗೆ ಬಿಡುವಿಲ್ಲ.

‘ನನ್ನ ಒಪ್ಪು ತುಕ್ಕಣ್ಣ’ ಎಂದಳು. ‘ಪಾಪ, ಬಸ್ ಹತ್ತೋ ಹಾಗಿಲ್ಲ, ಚಮಚ ಹಿಡಿಯೋ ಹಾಗಿಲ್ಲ. ಮರದ ಸೌಟಲ್ಲಿ ಸೂಪ್ ಕುಡೀತಾನಲ್ಲ, ಅಲ್ಲಿ ನಗೂನೂ ಬಂತು, ಅಳೂನೂ ಬಂತು. ಖಳ ಆದ್ರೇನು, ಅವನಿಗೂ ಹೊಟ್ಟೆ ಇದೆ ಅಂತ ತೋರಿಸಿದ್ರು. ತಪ್ಪು ಅಂದ್ರೆ, ಹೊಡೆದಾಟ ಎಲ್ಲಾ ಕತ್ತಲಲ್ಲಿ. ಯಾರು ಯಾರಿಗೆ ಬಾರಿಸ್ತಿದ್ದಾರೆ ಅಂತ ಟಾರ್ಚ್ ಹಾಕಿ ನೋಡ್ಬೇಕು. ಆರು ಜನಾನ ತುಂಬಿಸಿ ಮೂರು ಜನರ ಹೆಸರೂ ನೆನಪಲ್ಲಿ ಉಳಿಯೋ ಹಾಗೆ ಮಾಡಿಲ್ಲ.’

‘ಭೇಷ್’ ಎಂದರು ಮಾವ. ‘ಮುಂದೆ, ನೀನಮ್ಮ.’

ಎದುರಿಗೆ ನನ್ನ ಗಂಡ ಕಪ್ಪಿನ ಹಿಡಿಯಲ್ಲಿ ಬೆರಳಾಡಿಸುತ್ತ, ನಗುತ್ತ ಕೂತಿದ್ದ. ಒಂದು ಗುಟುಕು ಚಹಾ ಕುಡಿದೆ.

‘ಒಪ್ಪು ಪಿಸುದನಿ’ ಎಂದೆ. ‘ಅವನನ್ನ ಚೆನ್ನಾಗಿ ಮಾಡಿದ್ದಾರೆ. ಅವನು ಯಾರಿಗೂ ಹೊಡೆಯಲ್ಲ. ಊರಿಗೆಲ್ಲ ಬೇಕಾದವನು. ಬೇರೆ ಖಳರು ಬಂದಾಗ ಜನ ಓಡ್ತಾರೆ, ಇವನು ಬಂದಾಗ ಕುರ್ಚಿ ಹಾಕ್ತಾರೆ. ಹೆದರಿಕೆ ಅಂದ್ರೆ ಅದೇ. ಅದನ್ನ ಅವಸರ ಮಾಡದೆ ತೋರಿಸಿದ್ರು.’

ಅವನ ನಗು ಇನ್ನಷ್ಟು ಅಗಲವಾಯಿತು. ಇವಳು ಹೊಗಳುತ್ತಿದ್ದಾಳೆ ಅಂದುಕೊಂಡನೋ ಏನೋ.

‘ತಪ್ಪು ಆ ಬಿಳಿ ಗೌನಿನವಳು. ಅವಳ ತಪ್ಪಲ್ಲ, ಸಿನಿಮಾದವರ ತಪ್ಪು. ಅವಳಿಗೆ ಇಡೀ ಸಿನಿಮಾದಲ್ಲಿ ಒಂದೂ ಮಾತಿಲ್ಲ. ಕೊನೇಲಿ ಪಿಸುದನಿ, ಚಿಕ್ಕವನಿದ್ದಾಗ ನನ್ನ ಮಾತು ಯಾರೂ ಕೇಳಲಿಲ್ಲ ಅಂತ ಅಳ್ತಾನೆ, ಅವಳು ತಲೆ ಸವರ್ತಾಳೆ, ಮುಗೀತು. ಇವನ ಕಣ್ಣೀರಿಗೆ ಅಷ್ಟು ಹೊತ್ತು ಕೊಟ್ಟವರು ಅವಳ ಕೋಣೆ ಒಳಗೆ ಒಂದ್ಸಲಾನೂ ಹೋಗಲಿಲ್ಲ.’ ಕಪ್ಪು ಕೆಳಗಿಟ್ಟೆ. ‘ಹೊರಗಿಂದ ಬೀಗ ಹಾಕಿದ್ರೆ ಒಳಗಿರೋಳು ಹಾಗೆ ಚಂದವಾಗಿ ಕೂತಿರಲ್ಲ. ಮೊದ್ಲು ಬಾಗಿಲು ಬಡೀತಾಳೆ. ಆಮೇಲೆ ಕೆಳಗಿರೋರು ಏನಂದ್ಕೋತಾರೋ ಅಂತ ನಾಚಿಕೆ ಆಗಿ ನಿಲ್ಲಿಸ್ತಾಳೆ. ಆಮೇಲೆ ಬಾಯಾರುತ್ತೆ. ಬಾತ್‌ರೂಮಿಗೆ ಹೋಗ್ಬೇಕಾಗುತ್ತೆ. ಎಷ್ಟು ಅಂತ ತಡೆಯೋದು? ಕೊನೆಗೆ ಹೂದಾನಿ ಹುಡುಕ್ತಾಳೆ. ಅವನು ಬಂದು ಬಾಗಿಲು ತೆಗೆಯೋ ಮುಂಚೆ ಕಿಟಕಿಯಿಂದ ಅದನ್ನ ಚೆಲ್ಲಬೇಕು ಅಂತ ನೋಡಿದ್ರೆ ಕಿಟಕಿಗೂ ಬೀಗ.’

ನಾದಿನಿ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದವಳು ಹಾಗೇ ಹಿಡಿದಿದ್ದಳು. ಅದು ಮೆತ್ತಗಾಗಿ ಕಪ್ಪಿನೊಳಗೆ ಬಿತ್ತು.

‘ಏನಿದು, ಸಿನಿಮಾದಲ್ಲಿ ಇಲ್ಲದ್ದೆಲ್ಲ...’ ಎಂದು ಅವನು ಬಾಯಿ ತೆರೆದ.

‘ತಟ್ಟೆ!’ ಎಂದು ಮಾವ ಬೆರಳೆತ್ತಿದರು. ಅಭ್ಯಾಸಬಲ. ಆದರೆ ಅವರ ಮುಖದಲ್ಲಿ ಆಟವಿರಲಿಲ್ಲ. ‘ಅವಳದು ಮುಗೀಲಿ.’

‘ಮುಗೀತು ಮಾವ’ ಎಂದೆ. ಇಷ್ಟೂ ದಿನ ಹೇಳದ್ದನ್ನು ಹೇಳಿಯಾಗಿತ್ತು, ಆದರೆ ಹಗುರವೇನೂ ಅನ್ನಿಸಲಿಲ್ಲ. ಬಾಲ ಹಿಡಿದೆಳೆದ ಹಾವು ಇನ್ನೇನು ತಿರುಗುತ್ತದೆ ಎಂಬ ಹೆದರಿಕೆಯೊಂದೇ ಇತ್ತು.

ಮುಂದಿನ ಸರದಿ ಅವನದೇ. ಅದನ್ನು ನಾನು ಮೊದಲೇ ಲೆಕ್ಕ ಹಾಕಬೇಕಿತ್ತು. ನನ್ನನ್ನು ಕಾಯ್ದ ನಿಯಮ ಈಗ ಅವನನ್ನು ಕಾಯುತ್ತದೆ. ಅವನು ಏನು ಹೇಳಿದರೂ ನಾನು ತುಟಿ ಹೊಲಿದುಕೊಂಡು ಕೇಳಬೇಕು.

ಅವನು ಅವಸರ ಮಾಡಲಿಲ್ಲ. ಕಪ್ಪನ್ನು ಪಕ್ಕಕ್ಕಿಟ್ಟು ಮೆಲ್ಲಗೆ ಮಾತಾಡಿದ. ‘ನನ್ನ ಒಪ್ಪು, ಖಳನಿಗೂ ಒಂದು ಕಾರಣ ಕೊಟ್ಟಿದ್ದಾರೆ. ಸುಮ್ಮಸುಮ್ಮನೆ ಯಾರೂ ಕೆಟ್ಟವರಾಗಲ್ಲ. ತಪ್ಪು ಏನಪ್ಪಾ ಅಂದ್ರೆ, ಇಂಥ ಸಿನಿಮಾ ನೋಡಿ ಮನಸ್ಸು ಸರಿ ಇಲ್ಲದೋರು ಏನೇನೋ ಕಲ್ಪಿಸ್ಕೋತಾರೆ.’ ದನಿ ಇನ್ನೂ ಇಳಿಯಿತು. ಮಾವ ಕೇಳಿಸಿಕೊಳ್ಳಲು ಮುಂದಕ್ಕೆ ಬಾಗಿದರು. ‘ನಾನು ಇದನ್ನ ಹೇಳ್ಬಾರ್ದು ಅಂತಿದ್ದೆ. ಇವಳಿಗೆ ಕೆಲವು ದಿನದಿಂದ ಹೀಗೇ. ತಾನೇ ಬೀಗ ಹಾಕ್ಕೋತಾಳೆ, ಆಮೇಲೆ ನನ್ನ ಮೇಲೆ ಹೇಳ್ತಾಳೆ. ಕೆಲಸ ಹೋಗಿದ್ದೂ ಅದಕ್ಕೇ. ಹೊಸ ಮನೇಲಿ ಗಲಾಟೆ ಇರಲ್ಲ, ನೆಮ್ಮದಿ ಇರುತ್ತೆ. ನಾನೇ ಹತ್ರ ಇದ್ದು ನೋಡ್ಕೋತೀನಿ.’

ಎಷ್ಟು ಚಂದವಾಗಿ ಹೇಳಿದನೆಂದರೆ ಒಂದು ಕ್ಷಣ ನನಗೇ ನನ್ನ ಮೇಲೆ ಅನುಮಾನ ಬಂತು. ನಾದಿನಿ ನನ್ನ ಕಡೆ ನೋಡಿದಳು, ಆಮೇಲೆ ಅಣ್ಣನ ಕಡೆ. ಅವಳ ಮುಖದಲ್ಲಿ ಕನಿಕರ ಕಂಡಿತು. ಯಾರ ಮೇಲಿನ ಕನಿಕರ ಎಂದು ತಿಳಿಯಲಿಲ್ಲ. ಮುಗಿಯಿತು, ನಾಳೆ ಲಾರಿ ಬರುತ್ತದೆ ಅಂದುಕೊಂಡೆ.

‘ಈಗ ನೀನು’ ಎಂದರು ಮಾವ ಅತ್ತೆಗೆ.

ನಮ್ಮ ಅತ್ತೆ ಬಟ್ಟೆ ಹೊಲಿಯುತ್ತಾರೆ. ಒಪ್ಪು ತಪ್ಪಿನಲ್ಲಿ ಅವರದು ಯಾವಾಗಲೂ ಬಟ್ಟೆಯ ಮಾತೇ: ಕಾಲರು ಸರಿ ಇರಲಿಲ್ಲ, ಖಳನ ಮೇಲಂಗಿಗೆ ಹಾಕಿದ ಅಸ್ತರು ಚೆನ್ನಾಗಿತ್ತು. ಆ ದಿನ ಅವರು ಮೇಜಿನ ಬಟ್ಟೆಯ ಅಂಚನ್ನು ತಿಕ್ಕುತ್ತಲೇ ಮಾತು ಶುರುಮಾಡಿದರು.

‘ಇಂಟರ್ವಲ್ ಆದ್ಮೇಲೆ ನಾನು ಸಿನಿಮಾ ನೋಡಿಲ್ಲ’ ಎಂದರು. ‘ನಿನ್ನ ಕೈ ನೋಡ್ತಿದ್ದೆ. ಅವಳ ಮಣಿಕಟ್ಟು ಹಿಡ್ಕೊಂಡಿದ್ದಲ್ಲ, ಆ ಕೈ.’

‘ಅಮ್ಮಾ...’

‘ನನ್ನ ಸರದಿ’ ಎಂದರು ಅತ್ತೆ. ಮಗನ ಮುಖ ನೋಡಲಿಲ್ಲ. ‘ಅವಳು ತಾನೇ ಬೀಗ ಹಾಕ್ಕೊಳ್ಳಲ್ಲ. ನೀನು ಹಾಕೋದು ನನಗೆ ಕೇಳ್ಸುತ್ತೆ. ಮೇಲೆ ಬಾಗಿಲು ಬಡಿದ್ರೆ ಕೆಳಗೆ ನಾನು ಮಿಷನ್ ತುಳೀತಿದ್ದೆ. ಹೊಲಿಯೋಕೆ ಬಟ್ಟೆ ಇಲ್ಲದಿದ್ರೂ ತುಳೀತಿದ್ದೆ. ಆ ಗೋದಾಮಿನ ಹಿಂದಿನ ಮನೆ ಹುಡುಕಿಸಿದ್ದೂ ನಾನೇ. ದೂರ ಇದ್ರೆ ಕೇಳಿಸಲ್ವಲ್ಲ ಅಂತ.’

ನನಗೆ ಅತ್ತೆಯ ಮಾತು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದಾಗ ಅವನಿಗೆ ಹೆದರಿದ್ದಕ್ಕಿಂತ ಹೆಚ್ಚು ಹೆದರಿದೆ. ಕೆಳಗೆ ಜನರಿದ್ದಾರೆ, ಕೇಳಿಸಿದರೆ ಬರುತ್ತಾರೆ ಎಂಬ ನಂಬಿಕೆಯಲ್ಲೇ ಆ ಕೋಣೆಯಲ್ಲಿ ಜೀವ ಹಿಡಿದಿದ್ದೆ. ಅವರಿಗೆ ಕೇಳಿಸುತ್ತಿತ್ತಂತೆ.

ಮಾವನವರ ಸರದಿ ಉಳಿದಿತ್ತು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ನೀನು ನಾಳೆ ಆ ಮನೆಗೆ ಹೋಗು’ ಎಂದರು ಮಗನಿಗೆ. ‘ಒಬ್ಬನೇ ಹೋಗು.’

‘ಇವಳ ಮಾತು ನಂಬ್ತೀರಾ ಅಪ್ಪ?’

‘ನಂಬೋಕೆ ನನಗೇನೂ ಇಷ್ಟ ಇಲ್ಲ. ಆದ್ರೂ ನಂಬ್ತೀನಿ.’

ಅವನು ಎದ್ದ. ಕುರ್ಚಿಯನ್ನು ಸದ್ದಾಗದಂತೆ ಮೇಜಿನ ಕೆಳಗೆ ಸರಿಸಿದ. ‘ಅಂಗಡಿ ತೆಗೀಬೇಕು, ಜನ ಕಾಯ್ತಿರ್ತಾರೆ’ ಎಂದು ಏನೂ ಆಗದವನಂತೆ ಹೇಳಿ, ನನ್ನ ಹಿಂದೆ ಬಂದಾಗ ಕಿವಿಯ ಬಳಿ ಬಗ್ಗಿದ. ‘ಇವರೆಲ್ಲ ಎಷ್ಟು ದಿನ ನಿನ್ನ ಕಾಯ್ತಾರೋ ನೋಡೋಣ.’ ಆಮೇಲೆ ಹೊರಗೆ ಹೋದ.

ಅತ್ತೆ ನನ್ನ ಕಡೆ ಕೈ ಚಾಚಿದರು. ನಾನು ಹಿಡಿಯಲಿಲ್ಲ. ಅವರ ಕೈ ಮೇಜಿನ ಮೇಲೆ ಹಾಗೇ ಉಳಿಯಿತು.

‘ನೀನು ಇಲ್ಲೇ ಇರಮ್ಮ. ಮೇಲಿನ ಬೀಗ ಈಗಲೇ ಕೀಳಿಸ್ತೀನಿ’ ಎಂದರು ಮಾವ.

‘ಬೇಡ ಮಾವ. ನಾನು ಅಕ್ಕನ ಮನೆಗೆ ಹೋಗ್ತೀನಿ. ಈಗಲೇ.’

ಅವರು ಬೇಡ ಅನ್ನಲಿಲ್ಲ. ಚಪ್ಪಲಿ ಹುಡುಕತೊಡಗಿದರು. ನಾದಿನಿ ಕಟ್ಟಿಟ್ಟ ಪೆಟ್ಟಿಗೆಯೊಂದರ ಹಗ್ಗ ಕತ್ತರಿಸಿ, ಸಿಕ್ಕಿದ ನನ್ನ ಬಟ್ಟೆಗಳನ್ನು ಚೀಲಕ್ಕೆ ತುರುಕಿದಳು. ‘ಅತ್ತಿಗೆ, ನನಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ’ ಎಂದು ಮೂಗು ಒರೆಸಿಕೊಂಡಳು. ಯಾರಿಗೆ ಗೊತ್ತಿತ್ತು, ಯಾರಿಗೆ ಇರಲಿಲ್ಲ ಎಂದು ಲೆಕ್ಕ ನೋಡುವಷ್ಟು ತ್ರಾಣ ನನ್ನಲ್ಲಿರಲಿಲ್ಲ.

ಬಸ್ ನಿಲ್ದಾಣಕ್ಕೆ ಇರುವುದು ಒಂದೇ ದಾರಿ, ಅದು ಅವನ ಅಂಗಡಿಯ ಮುಂದೆಯೇ ಹೋಗುತ್ತದೆ. ಬಿಸಿಲು ಇನ್ನೂ ಇಳಿದಿರಲಿಲ್ಲ, ಬೀದಿಯ ತುಂಬ ಜನ. ಒಂದು ಪಕ್ಕ ಮಾವ, ಒಂದು ಪಕ್ಕ ನಾದಿನಿ. ಕೀಲಿ ಕೊರೆಯುವ ಮಿಷನ್ನಿನ ಕರ್ ಎಂಬ ಸದ್ದು ದೂರದಿಂದಲೇ ಕೇಳಿಸಿತು. ತಲೆ ತಗ್ಗಿಸಿ ದಾಟಿಬಿಡೋಣ ಅಂದುಕೊಂಡೆ.

ಕೌಂಟರಿನ ಮುಂದೆ ಟೀಚರಮ್ಮ ನಿಂತಿದ್ದಳು. ನಮ್ಮ ಹಿಂದಿನ ಬೀದಿಯವಳು. ಒಂಟಿಯಾಗಿದ್ದಾಳೆ. ಮನೆಯ ಕೀಲಿಗೆ ಇನ್ನೊಂದು ಜೋಡಿ ಮಾಡಿಸಲು ಬಂದಿದ್ದಳು. ಸರದಿಯಲ್ಲಿ ಮುಂದಿನವಳು ಅವಳೇ, ಕೀಲಿಯನ್ನು ಕೌಂಟರಿನ ಮೇಲಿಟ್ಟು ಕಾಯುತ್ತಿದ್ದಳು.

‘ಏನಿದು, ಮೆರವಣಿಗೆ!’ ಎಂದಳು ನಮ್ಮನ್ನು ನೋಡಿ. ‘ಹೊಸ ಮನೆಗೆ ಇವತ್ತೇ ಹೊರಟ್ರಾ? ಎಷ್ಟು ಅದೃಷ್ಟವಂತೆ ನೀನು, ಇಂಥ ಗಂಡ ಸಿಗ್ಬೇಕು!’

ಅವನು ಮಿಷನ್ ನಿಲ್ಲಿಸಿ ತಲೆಯೆತ್ತಿದ. ನಕ್ಕ. ನನಗಿಂತ ಮೊದಲು ಉತ್ತರ ಕೊಡಲು ಬಾಯಿ ತೆರೆದ. ಇಲ್ಲಿ ಸರದಿ ಇರಲಿಲ್ಲ, ತಟ್ಟೆಯ ಶಿಕ್ಷೆ ಇರಲಿಲ್ಲ. ನಾನು ನಿಂತೆ.

‘ಅಕ್ಕನ ಮನೆಗೆ ಹೋಗ್ತಿದ್ದೀನಿ ಟೀಚರ್’ ಎಂದೆ. ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಬಂತು ದನಿ. ‘ಇವನು ನನ್ನನ್ನ ಕೋಣೇಲಿ ಹಾಕಿ ಹೊರಗಿಂದ ಬೀಗ ಹಾಕ್ತಾನೆ.’

ಹಣ್ಣಿನ ಗಾಡಿಯವನು ತಿರುಗಿ ನೋಡಿದ. ನನ್ನ ಗಂಡ ನಗುತ್ತಲೇ, ‘ಟೀಚರ್, ಇವಳಿಗೆ ಸ್ವಲ್ಪ ಹುಷಾರಿಲ್ಲ’ ಎಂದು ಬಹಳ ಮೆಲ್ಲಗೆ, ಬಹಳ ಮರ್ಯಾದೆಯಿಂದ ಹೇಳಿ, ಅವಳ ಕೀಲಿ ತೆಗೆದುಕೊಳ್ಳಲು ಕೈ ಮುಂದೆ ಮಾಡಿದ.

ಟೀಚರಮ್ಮ ನನ್ನ ಮುಖ ನೋಡಿದಳು. ನನ್ನ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತ ಮಾವನವರ ಮುಖ ನೋಡಿದಳು. ಆಮೇಲೆ ಕೌಂಟರಿನ ಮೇಲಿದ್ದ ತನ್ನ ಮನೆಯ ಕೀಲಿಯನ್ನು ಎತ್ತಿ ಚೀಲಕ್ಕೆ ಹಾಕಿಕೊಂಡಳು.